ಬೆರಳ ತುದಿಯಷ್ಟು ಇನ್ಸರ್ಟ್, ಎರಡು ದೇಶಗಳ ಬೀಗ

ಪುಣೆ ಪಕ್ಕದ ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ನಮ್ಮ ಕಾಕಾರದೊಂದು ವರ್ಕ್‌ಶಾಪ್ ಇದೆ. ಅಥಣಿ ಕಡೆಯವರು, ಪುಣೆಗೆ ಬಂದು 30 ವರ್ಷ ದಾಟಿತು. ನಾಲ್ಕು ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಮಷೀನು), ಒಂಬತ್ತು ಹುಡುಗರು. ಅವರಲ್ಲಿ ಅರ್ಧ ಜನ ನಮ್ಮ ಕಡೆಯವರೇ, ಇಂಡಿ, ಜಮಖಂಡಿ, ಜತ್ತದವರು. ದೊಡ್ಡ ಕಂಪನಿಗಳಿಗೆ ಹೋಗುವ ಸಣ್ಣ ಪಾರ್ಟ್‌ಗಳನ್ನು ಇಲ್ಲಿ ಟರ್ನಿಂಗ್ ಮಾಡಿ ಕೊಡುತ್ತಾರೆ. ನಾನು ಚಾಕಣದ ಒಂದು ಕಂಪನಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ಗುರುವಾರ ಸೂಟಿ ಇದ್ದಾಗ ಕಾಕಾರ ಮನೆಗೆ ಊಟಕ್ಕೆ ಹೋಗುವುದು ರೂಢಿ.

2025ರ ಒಂದು ಗುರುವಾರ ರೊಟ್ಟಿ ಮುರಿಯುವ ಮೊದಲೇ ಕಾಕಾ ಅಂಗೈ ಚಾಚಿದರು. ಅದರಲ್ಲಿ ಬೆರಳ ತುದಿಯಷ್ಟು ದೊಡ್ಡದೊಂದು ತುಂಡು. ಸಕ್ಕರೆ ಅಚ್ಚಿನ ವಜ್ರದಾಕಾರ, ಮೇಲೆ ಬಂಗಾರದ ಬಣ್ಣ, ನಡುವೆ ಒಂದು ತೂತು. ಕಾರ್ಬೈಡ್ ಇನ್ಸರ್ಟ್. ಲೇಥಿನಲ್ಲಿ ಕಬ್ಬಿಣವನ್ನು ಕೊರೆಯುವ ಹಲ್ಲು ಇದೇ.

‘ತಮ್ಮಾ, ಮೂರು ತಿಂಗಳಾಗ ಮೂರನೇ ಸಲ ರೇಟ್ ಏರೈತಿ. ಹೋಗ್ಲಿ, ರೊಕ್ಕ ಕೊಡ್ತೀನಿ ಅಂದ್ರೂ ಮಾಲ ಇಲ್ಲಂತ. ಇದೊಂದು ಇಲ್ಲಂದ್ರ 20 ಲಕ್ಷದ ಮಷೀನ್ ಸುಮ್ನ ನಿಂದ್ರತೈತಿ. ಏನಾಗೇತಿ ಜಗತ್ತಿಗೆ?’

ಕಾಕಾರ ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಹೋದರೆ, ಇವತ್ತು ಎಲ್ಲರೂ ಮಾತಾಡುವ ‘ಪೂರೈಕೆ ಸರಪಳಿ’ಯ ಪೂರ್ತಿ ಕಥೆ ಬಿಚ್ಚಿಕೊಳ್ಳುತ್ತದೆ.

ಈ ಇನ್ಸರ್ಟ್ ಆಗುವುದು ಮುಖ್ಯವಾಗಿ ಎರಡು ಲೋಹಗಳಿಂದ. ಗಟ್ಟಿತನ ಕೊಡುವುದು ಟಂಗ್‌ಸ್ಟನ್. ಅದರ ಪುಡಿಯನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಕೋಬಾಲ್ಟ್. ಜಗತ್ತಿನ ಗಣಿಗಳಿಂದ ಬರುವ ಟಂಗ್‌ಸ್ಟನ್‌ನಲ್ಲಿ ಸುಮಾರು ಶೇ. 80 ಚೀನಾದ್ದು. ಕೋಬಾಲ್ಟ್‌ನಲ್ಲಿ ಶೇ. 70ಕ್ಕೂ ಜಾಸ್ತಿ ಆಫ್ರಿಕಾದ ಕಾಂಗೊ ದೇಶದ್ದು. 2025ರ ಫೆಬ್ರವರಿ 4ರಂದು, ಅಮೆರಿಕದ ಹೊಸ ಸುಂಕ ಜಾರಿಯಾದ ದಿನವೇ, ಟಂಗ್‌ಸ್ಟನ್‌ನ ಹಲವು ರೂಪಗಳನ್ನು ಹೊರಗೆ ಕಳಿಸಲು ಲೈಸೆನ್ಸ್ ಬೇಕು ಎಂದು ಚೀನಾ ಹೇಳಿತು. ಅದೇ ತಿಂಗಳ 22ರಂದು, ಬಿದ್ದುಹೋದ ಬೆಲೆ ಎತ್ತಲು, ಕಾಂಗೊ ಕೋಬಾಲ್ಟ್ ರಫ್ತನ್ನೇ ನಿಲ್ಲಿಸಿತು. ಮೊದಲು ನಾಲ್ಕು ತಿಂಗಳಿಗೆ ಅಂದರು, ಆಮೇಲೆ ಮುಂದುವರಿಸಿದರು, ಅಕ್ಟೋಬರ್‌ನಲ್ಲಿ ಕೋಟಾ ಪದ್ಧತಿಗೆ ಬಂದರು. ಹೀಗೆ ಕಾಕಾರ ಅಂಗೈಯಲ್ಲಿದ್ದ ಆ ಒಂದು ತುಂಡಿಗೆ ಒಂದೇ ತಿಂಗಳಲ್ಲಿ ಎರಡು ದೇಶಗಳ ಬೀಗ ಬಿದ್ದಿತ್ತು.

‘ಆದ್ರ ನಾ ಒಬ್ಬನ ಹತ್ರ ತಗೊಳ್ಳೂದಿಲ್ಲಲ್ಲ? ಎರಡು ಡೀಲರ್ ಅದಾರ. ಕಂಪನಿನೂ ಬ್ಯಾರೆ ಬ್ಯಾರೆ’ ಅಂದರು ಕಾಕಾ.

ಬಹಳ ಜನ ಎಡವುವುದು ಇಲ್ಲೇ. ಇಬ್ಬರು ವೆಂಡರ್ ಇದ್ದ ಮಾತ್ರಕ್ಕೆ ಎರಡು ದಾರಿ ಇವೆ ಅಂತ ಆಗುವುದಿಲ್ಲ. ಎರಡು ನಲ್ಲಿ ಇರಬಹುದು, ಟ್ಯಾಂಕ್ ಒಂದೇ ಆಗಿರಬಹುದು. ಡೀಲರ್ ಬೇರೆ, ಬ್ರ್ಯಾಂಡ್ ಬೇರೆ, ಪುಡಿ ಮಾತ್ರ ಹೊರಟಿದ್ದು ಒಂದೇ ನೆಲದಿಂದ.

ಇದನ್ನು ವಾಹನ ಉದ್ಯಮ ದೊಡ್ಡ ಬೆಲೆ ತೆತ್ತು ಕಲಿತಿದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ ಆಯಿತಲ್ಲ, ಆಗ ಅಮೆರಿಕದಲ್ಲಿ ಫೋರ್ಡ್ ಕಂಪನಿ ತನ್ನ ಡೀಲರ್‌ಗಳಿಗೆ ಒಂದು ಬಗೆಯ ಕಪ್ಪು ಬಣ್ಣದ ಗಾಡಿಗೆ ಆರ್ಡರ್ ತಗೊಳ್ಳಬೇಡಿ ಅಂದಿತು. ಕೆಲವು ಕೆಂಪು ಬಣ್ಣಕ್ಕೂ ತಡೆ ಬಿತ್ತು. ಎಲ್ಲಿಯ ಭೂಕಂಪ, ಎಲ್ಲಿಯ ಕಪ್ಪು ಬಣ್ಣ! ಕಾರಿನ ಬಣ್ಣಕ್ಕೆ ಮಿನುಗು ಕೊಡುವ ‘ಕ್ಸಿರಾಲಿಕ್’ ಎಂಬ ಪುಡಿ ಆಗ ಇಡೀ ಜಗತ್ತಿನಲ್ಲಿ ತಯಾರಾಗುತ್ತಿದ್ದದ್ದು ಒಂದೇ ಕಡೆ. ಜರ್ಮನಿಯ ಮರ್ಕ್ ಕಂಪನಿಯ ಒನಹಾಮಾ ಕಾರ್ಖಾನೆ, ಅದೂ ಫುಕುಶಿಮಾ ಪ್ರಾಂತದಲ್ಲಿ. ಕಾರು ಕಂಪನಿಗಳು ಬಣ್ಣವನ್ನು ಬೇರೆ ಬೇರೆಯವರಿಂದ ಕೊಳ್ಳುತ್ತಿದ್ದವು. ಆದರೆ ಬಣ್ಣ ಮಾಡುವವರು ಪುಡಿಗಾಗಿ ಹೋಗುತ್ತಿದ್ದದ್ದು ಆ ಒಂದೇ ಬಾಗಿಲಿಗೆ. ನಮಗೆ ಕಾಣುವುದು ನಮ್ಮ ವೆಂಡರ್ ಮಾತ್ರ. ವೆಂಡರ್‌ನ ವೆಂಡರ್, ಅವನ ವೆಂಡರ್ ಯಾರು? ಕೇಳಿದ್ದೇವಾ? ನಾನಂತೂ ಪರ್ಚೇಸ್‌ನಲ್ಲಿ ಮೊದಲ ಆರೇಳು ವರ್ಷ ಒಮ್ಮೆಯೂ ಕೇಳಲಿಲ್ಲ. ರೇಟ್ ಎಷ್ಟು ಇಳಿಸುತ್ತೀರಿ ಅಂತ ಮಾತ್ರ ಕೇಳಿದೆ. ಅದು ತಪ್ಪು ಅಂತ ಈಗ ಅನ್ನಿಸುತ್ತದೆ.

ನಮ್ಮ ಪುಣೆಯಲ್ಲೇ ಇದರ ಇನ್ನೊಂದು ಪಾಠ ನಡೆಯಿತು. 2025ರ ಏಪ್ರಿಲ್ 4ರಂದು ಚೀನಾ ಏಳು ಅಪರೂಪದ ಲೋಹಗಳ ಮೇಲೆ, ಅವುಗಳಿಂದಾಗುವ ಮ್ಯಾಗ್ನೆಟ್‌ಗಳ ಮೇಲೆ ಲೈಸೆನ್ಸ್ ಹಾಕಿತು. ಎಲೆಕ್ಟ್ರಿಕ್ ಸ್ಕೂಟರ್‌ನ ಮೋಟರ್ ಒಳಗಿರುವುದು ಇಂಥ ಮ್ಯಾಗ್ನೆಟ್. ಜಗತ್ತಿನಲ್ಲಿ ಇವುಗಳ ಸುಮಾರು ಶೇ. 90 ತಯಾರಾಗುವುದು ಚೀನಾದಲ್ಲಿ. ಜುಲೈ ಹೊತ್ತಿಗೆ ಆಕುರ್ಡಿಯ ಬಜಾಜ್ ಆಟೋ, ಮ್ಯಾಗ್ನೆಟ್ ಸಿಗದಿದ್ದರೆ ಎಲೆಕ್ಟ್ರಿಕ್ ಗಾಡಿಗಳ ಉತ್ಪಾದನೆ ಪೂರ್ತಿ ನಿಲ್ಲಬಹುದು ಎಂದು ಬಹಿರಂಗವಾಗಿ ಹೇಳಿತು. ಅಷ್ಟು ದೊಡ್ಡ ಕಂಪನಿಯ ಮಾತಿದು. ಆಮೇಲೆ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಲ್ಲೇ ಮ್ಯಾಗ್ನೆಟ್ ಮಾಡಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಗುರಿ. ಒಳ್ಳೆಯ ಹೆಜ್ಜೆ. ಆದರೆ ಕಾರ್ಖಾನೆ ಎದ್ದು ನಿಲ್ಲಲು ವರ್ಷಗಳು ಬೇಕು. ಲೈಸೆನ್ಸ್ ಹಾಕಲು ಒಂದು ದಿನ ಸಾಕು.

ಹಾಗಾದರೆ ಸಣ್ಣವರು ಏನು ಮಾಡಬೇಕು?

ಊಟ ಮುಗಿಸಿ ಕಾಕಾ ಒಂದು ಉದ್ದ ಬೈಂಡ್ ನೋಟ್‌ಬುಕ್ ತಂದರು. ವರ್ಕ್‌ಶಾಪ್‌ಗೆ ಹೊರಗಿನಿಂದ ಬರುವ ಎಲ್ಲ ಸಾಮಾನು ಬರೆದೆವು. ಸ್ಟೀಲ್ ಬಾರ್, ಇನ್ಸರ್ಟ್, ಕೂಲಂಟ್, ಹೈಡ್ರಾಲಿಕ್ ಆಯಿಲ್, ಸ್ಪಿಂಡಲ್ ಬೇರಿಂಗ್, ಮಷೀನಿನ ಮೋಟರ್ ನಡೆಸುವ ಡ್ರೈವ್ ಕಾರ್ಡ್. ಪ್ರತಿಯೊಂದರ ಮುಂದೆ ಎರಡೇ ಅಂಕಿ. ಒಂದು, ಇವತ್ತಿಗೆ ಮಾಲು ನಿಂತರೆ ನಾವು ಎಷ್ಟು ದಿನ ನಡೆಸಬಹುದು? ಎರಡು, ಬೇರೆ ದಾರಿಯಿಂದ ಮಾಲು ತರಲು ಎಷ್ಟು ದಿನ ಬೇಕು?

ಮೊದಲ ಅಂಕಿ ದೊಡ್ಡದಿದ್ದರೆ ನಿದ್ದೆ ಮಾಡಬಹುದು. ಎರಡನೆಯದು ದೊಡ್ಡದಿದ್ದರೆ ಆ ನಡುವಿನ ದಿನಗಳಷ್ಟು ಮಷೀನು ನಿಲ್ಲುತ್ತದೆ. ಲೆಕ್ಕ ಇಷ್ಟೇ. ಅಮೆರಿಕದ ಎಂಐಟಿಯ ಪ್ರಾಧ್ಯಾಪಕ ಡೇವಿಡ್ ಸಿಮ್ಚಿ-ಲೆವಿ (ನಮ್ಮ ಕೋಥ್ರುಡ್‌ನ ಎಂಐಟಿ ಅಲ್ಲ) ಫೋರ್ಡ್ ಕಂಪನಿಗೆ ಇದೇ ಲೆಕ್ಕವನ್ನು ಸಾವಿರಾರು ಪೂರೈಕೆದಾರರ ಮೇಲೆ ಮಾಡಿ ಕೊಟ್ಟರು. ಅವರಿಗೆ ಕಂಡ ಒಂದು ಸಂಗತಿ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಯಾವ ಪಾರ್ಟ್‌ಗೆ ಜಾಸ್ತಿ ದುಡ್ಡು ಹೋಗುತ್ತದೋ ಅದೇ ಜಾಸ್ತಿ ಅಪಾಯದ್ದು ಎಂದೇನೂ ಇಲ್ಲ. ಎಷ್ಟೋ ಸಲ ಕಡಿಮೆ ಬೆಲೆಯ, ಯಾರೂ ಗಮನ ಕೊಡದ ಸಾಮಾನು ಇಡೀ ಲೈನನ್ನು ನಿಲ್ಲಿಸುತ್ತದೆ.

ಕಾಕಾರ ನೋಟ್‌ಬುಕ್‌ನಲ್ಲೂ ಹಾಗೇ ಆಯಿತು. ಅವರ ಅತಿ ದೊಡ್ಡ ಬಿಲ್ಲು ಸ್ಟೀಲ್ ಬಾರ್‌ನದು. ಐದು ದಿನದ ಸ್ಟಾಕ್ ಇತ್ತು. ಆದರೆ ಆ ಬಾರ್ ಸುತ್ತಮುತ್ತ ಹತ್ತು ಕಡೆ ಸಿಗುತ್ತದೆ, ಎರಡು ದಿನ ಸಾಕು. ಚಿಂತೆಯಿಲ್ಲ. ಇನ್ಸರ್ಟ್‌ನ ಬಿಲ್ಲು ಅದರ ಮುಂದೆ ಏನೂ ಅಲ್ಲ. ಸ್ಟಾಕ್ 12 ದಿನದ್ದು. ಹೊಸದು ಬರಲು 45 ದಿನ ಅಂತ ಡೀಲರ್ ಹೇಳಿದ್ದ. ನಡುವೆ 33 ದಿನದ ಗುಂಡಿ. ಡ್ರೈವ್ ಕಾರ್ಡ್ ಇನ್ನೂ ಕೆಟ್ಟದಾಗಿತ್ತು. ಸ್ಟಾಕ್ ಸೊನ್ನೆ, ಹೊರದೇಶದಿಂದಲೇ ಬರಬೇಕು, ರಿಪೇರಿ ಗೊತ್ತಿರುವುದು ಒಬ್ಬರಿಗೇ. ಕಾಕಾ ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಗುಂಡಿ ಮುಚ್ಚಲು ಮೊದಲು ಹೊಳೆಯುವ ಉಪಾಯ ಸ್ಟಾಕ್. ನಮ್ಮ ಹಿರಿಯರು ಇದನ್ನೇ ಮಾಡುತ್ತಿದ್ದರು. ನಮ್ಮ ಕಡೆ ಮನೆ ಮುಂದೆ, ಓಣಿಯಲ್ಲಿ ಹಗೇವು ಇರುತ್ತಿತ್ತಲ್ಲ. ನೆಲದಲ್ಲಿ ಆಳದ ಕುಣಿ ತೋಡಿ, ಸುತ್ತ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿಬಿಡುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟರೂ ಮನೆಯಲ್ಲಿ ರೊಟ್ಟಿಗೆ ಕೊರತೆ ಇಲ್ಲ. ಆದರೆ ಒಂದನ್ನು ಗಮನಿಸಿ. ಹಗೇವಿಗೆ ಹಾಕುತ್ತಿದ್ದದ್ದು ಜೋಳವನ್ನು. ಬದನೆಕಾಯಿಯನ್ನು ಹಾಕುತ್ತಿರಲಿಲ್ಲ. ಯಾವುದು ಇಲ್ಲದಿದ್ದರೆ ಬದುಕು ನಿಲ್ಲುತ್ತದೋ, ಯಾವುದು ಇಟ್ಟರೆ ಕೆಡುವುದಿಲ್ಲವೋ ಅದಕ್ಕೆ ಮಾತ್ರ ಹಗೇವು. ಕಾರ್ಖಾನೆಗೂ ಅದೇ ಮಾತು. ಇನ್ಸರ್ಟ್ ಇಟ್ಟರೆ ಕೆಡುವುದಿಲ್ಲ, ಒಂದು ಡ್ರಾಯರ್‌ನಲ್ಲಿ ಎರಡು ತಿಂಗಳದ್ದು ಕೂರುತ್ತದೆ. ಸ್ಟೀಲ್ ಬಾರ್ ಎರಡು ತಿಂಗಳದ್ದು ಇಟ್ಟರೆ ಜಾಗವೂ ಹೋಯಿತು, ತುಕ್ಕೂ ಹಿಡಿಯಿತು, ದುಡ್ಡೂ ಸಿಕ್ಕಿಹಾಕಿಕೊಂಡಿತು. 5 ಲಕ್ಷದ ಮಾಲು ಇಟ್ಟರೆ, ವರ್ಷಕ್ಕೆ ಶೇ. 12ರ ಬಡ್ಡಿ ಹಿಡಿದರೂ ತಿಂಗಳಿಗೆ 5,000 ರೂಪಾಯಿ ಸುಮ್ನೆ ಹೋಗುತ್ತದೆ. ಎಲ್ಲದಕ್ಕೂ ಹಗೇವು ತೋಡಿದರೆ ಮನೆಯೇ ಕುಸಿಯುತ್ತದೆ.

ಬೇಕಾದಷ್ಟೇ ಮಾಲು, ಬೇಕಾದ ಹೊತ್ತಿಗೆ. ಈ ಪದ್ಧತಿಯನ್ನು ಜಗತ್ತಿಗೆ ಕಲಿಸಿದ್ದು ಟೊಯೊಟಾ. ಆ ಟೊಯೊಟಾವೇ 2011ರ ಭೂಕಂಪದ ನಂತರ ಚಿಪ್‌ನ ವಿಷಯದಲ್ಲಿ ಮಾತ್ರ ನಿಯಮ ಸಡಿಲಿಸಿತು. ಎರಡರಿಂದ ಆರು ತಿಂಗಳ ಚಿಪ್ ಸ್ಟಾಕ್ ಇಡಿ ಎಂದು ಪೂರೈಕೆದಾರರಿಗೆ ಹೇಳಿತು. 2021ರ ಶುರುವಿನಲ್ಲಿ ಚಿಪ್ ಬರ ಬಂದಾಗ ಬೇರೆ ಕಂಪನಿಗಳ ಲೈನ್ ನಿಂತರೂ ಟೊಯೊಟಾ ಓಡುತ್ತಿತ್ತು. ಬರ ಉದ್ದವಾದ ಮೇಲೆ ಅದೂ ಸೆಪ್ಟೆಂಬರ್‌ನ ಉತ್ಪಾದನೆಯನ್ನು ಶೇ. 40 ಇಳಿಸಬೇಕಾಯಿತು. ಹಗೇವು ಕೊಡುವುದು ಸಮಯವನ್ನು. ಆ ಸಮಯದಲ್ಲಿ ಬೇರೆ ದಾರಿ ಹುಡುಕದಿದ್ದರೆ ಒಂದು ದಿನ ತಳ ಕಾಣುತ್ತದೆ.

ಬೇರೆ ದಾರಿ ಅನ್ನುವುದು ಬಾಯಲ್ಲಿ ಹೇಳಿದಷ್ಟು ಸುಲಭ ಇಲ್ಲ. ವಾಹನದ ಪಾರ್ಟ್‌ನಲ್ಲಿ ಕಚ್ಚಾ ಮಾಲಿನ ಮೂಲ ಬದಲಾದರೆ ಗ್ರಾಹಕ ಕಂಪನಿಯ ಒಪ್ಪಿಗೆ ಬೇಕು. ಸ್ಯಾಂಪಲ್ ಮಾಡಬೇಕು, ಟೆಸ್ಟ್ ಆಗಬೇಕು, ಪಿಪ್ಯಾಪ್ ಎಂಬ ಪಾರ್ಟ್ ಒಪ್ಪಿಗೆಯ ಫೈಲು ತುಂಬಬೇಕು. ತಿಂಗಳುಗಟ್ಟಲೆ ಕೆಲಸ. ಆದ್ದರಿಂದ ಎರಡನೇ ವೆಂಡರ್‌ನನ್ನು ಕಷ್ಟ ಬಂದ ಮೇಲೆ ಹುಡುಕುವುದಲ್ಲ, ಒಳ್ಳೆಯ ದಿನಗಳಲ್ಲೇ ಸಾಕಬೇಕು. ಪ್ರತಿ ತಿಂಗಳು ನೂರರಲ್ಲಿ ಇಪ್ಪತ್ತು-ಮೂವತ್ತು ಪಾಲು ಆರ್ಡರ್ ಅವನಿಗೆ ಹೋಗುತ್ತಿರಬೇಕು. ಕಂಪ್ಯೂಟರಿನಲ್ಲಿ ಹೆಸರಿದ್ದು ಮೂರು ವರ್ಷದಿಂದ ಒಂದು ಪಿ.ಒ. (ಖರೀದಿ ಆರ್ಡರ್) ಕೂಡ ಹೋಗದ ವೆಂಡರ್, ಬರಗಾಲದಲ್ಲಿ ನಿಮ್ಮ ಫೋನ್ ಯಾಕೆ ಎತ್ತಬೇಕು? ಇಲ್ಲಿ ರೇಟ್ ಸ್ವಲ್ಪ ಜಾಸ್ತಿ ಬೀಳುತ್ತದೆ, ನಿಜ. ಆ ಜಾಸ್ತಿ ದುಡ್ಡನ್ನು ಇನ್ಶೂರೆನ್ಸ್ ಕಂತು ಅಂತ ತಿಳಿದು ಕಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಪಾರ್ಟ್‌ಗೂ ಬೇಡ. ಗುಂಡಿ ದೊಡ್ಡದಿರುವಲ್ಲಿ ಮಾತ್ರ.

ಮಾಲು ಇದ್ದರೂ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕೆಂಪು ಸಮುದ್ರ ತೋರಿಸಿತು. 2023ರ ನವೆಂಬರ್ 19ರಂದು ಟರ್ಕಿಯಿಂದ ಭಾರತಕ್ಕೆ ಬರುತ್ತಿದ್ದ ‘ಗ್ಯಾಲಕ್ಸಿ ಲೀಡರ್’ ಹಡಗನ್ನು ಯೆಮೆನ್‌ನ ಹೂತಿ ಬಂಡುಕೋರರು ಹಿಡಿದರು. ಆಮೇಲೆ ಒಂದರ ಮೇಲೊಂದು ದಾಳಿ. ದೊಡ್ಡ ಕಂಟೇನರ್ ಕಂಪನಿಗಳು ಸುಯೆಜ್ ಕಾಲುವೆಯ ಸಹವಾಸ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿ ಹೋಗತೊಡಗಿದವು. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಿಂದ ಯುರೋಪಿಗೆ 10ರಿಂದ 14 ದಿನ ಜಾಸ್ತಿ.

ದಿನ ಜಾಸ್ತಿಯಾದರೆ ತಡ ಆಗುತ್ತದೆ, ಸರಿ. ಆದರೆ ಆಗ ಹಡಗಿನ ಬಾಡಿಗೆಯೂ ಏರಿತು, ಅದು ಯಾಕೆ? ಅದೂ ಯುರೋಪಿಗೆ ಸಂಬಂಧವೇ ಇಲ್ಲದ ದಾರಿಗಳಲ್ಲಿ? ಇದನ್ನು ಬಸ್ಸಿನ ಹಾಗೆ ಯೋಚಿಸಿ. ಭೋಸರಿಯಿಂದ ಸ್ವಾರಗೇಟ್‌ಗೆ ಹತ್ತು ಬಸ್ ಓಡುತ್ತವೆ. ರಸ್ತೆ ಅಗೆದರು, ಬಸ್ ಸುತ್ತಿ ಬರಬೇಕು. ಬಸ್ಸು ಹತ್ತೇ, ಆದರೆ ದಿನದ ಟ್ರಿಪ್ ಕಡಿಮೆ. ಸ್ಟಾಪಿನಲ್ಲಿ ಜನ ತುಂಬುತ್ತಾರೆ. ಆಗ ಡಿಪೊದವರು ಬೇರೆ ರೂಟಿನ ಬಸ್ ಎಳೆದು ಇಲ್ಲಿ ಹಾಕುತ್ತಾರೆ, ಅಲ್ಲೂ ಬಸ್ ಸಾಲುವುದಿಲ್ಲ. ಹಡಗಿನದೂ ಇದೇ ಕಥೆ. ಖಾಲಿ ಕಂಟೇನರ್‌ಗಳೂ ನೀರ ಮೇಲೇ ಜಾಸ್ತಿ ದಿನ ಇರುತ್ತವೆ, ಬೇಕಾದ ಬಂದರಿನಲ್ಲಿ ಸಿಗುವುದಿಲ್ಲ. ಪುಣೆಯಿಂದ ಹೋಗುವ ಕಂಟೇನರ್ ಬಹುಪಾಲು ನ್ಹಾವಾ ಶೇವಾದಿಂದಲೇ ಹಡಗು ಹತ್ತುತ್ತದೆ. 2024-25ರಲ್ಲಿ, 20 ಅಡಿ ಕಂಟೇನರ್ ಲೆಕ್ಕದಲ್ಲಿ, 70 ಲಕ್ಷಕ್ಕೂ ಜಾಸ್ತಿ ನಿಭಾಯಿಸಿದ ಬಂದರು ಅದು. ಅಲ್ಲಿ ಎರಡು ದಿನ ಕಟ್ಟಿಕೊಂಡರೆ ಚಾಕಣದ ಗೇಟಿನವರೆಗೆ ಅದರ ಬಿಸಿ ತಟ್ಟುತ್ತದೆ.

ಗ್ರಾಹಕನ ಕಡೆಯೂ ಸರಪಳಿಯ ಒಂದು ತುದಿ ಇದೆ ಎಂಬುದನ್ನು ನಾವು ಮರೆಯುತ್ತೇವೆ. 2025ರ ಆಗಸ್ಟ್ 27ರಿಂದ ಭಾರತದ ಅನೇಕ ಸರಕುಗಳ ಮೇಲೆ ಅಮೆರಿಕದ ಸುಂಕ ಶೇ. 50 ಆಯಿತು. ಮಾಲು ತರಲು ಒಂದೇ ದೇಶ ನೆಚ್ಚುವುದು ಹೇಗೆ ಅಪಾಯವೋ, ಮಾರಲು ಒಂದೇ ದೇಶ ನೆಚ್ಚುವುದೂ ಅಷ್ಟೇ ಅಪಾಯ.

ಇಷ್ಟೆಲ್ಲ ಲೆಕ್ಕಕ್ಕೆ ಸಿಗುವ ಮಾತು. ಲೆಕ್ಕಕ್ಕೆ ಸಿಗದ ಒಂದು ಶಕ್ತಿ ಇದೆ. ಅದನ್ನು ಹೇಳಲು ಜಪಾನಿಗೇ ಹೋಗಬೇಕು.

1997ರ ಫೆಬ್ರವರಿ 1ರ ಬೆಳಗಿನ ಜಾವ ಕರಿಯಾ ಊರಿನ ಐಸಿನ್ ಕಂಪನಿಯ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಆಗುತ್ತಿದ್ದದ್ದು ‘ಪಿ-ವಾಲ್ವ್’. ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಜಾರದ ಹಾಗೆ ಒತ್ತಡ ಹಂಚುವ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಮಾನು. ಟೊಯೊಟಾದ ಹೆಚ್ಚುಕಡಿಮೆ ಎಲ್ಲ ಪಿ-ವಾಲ್ವ್ ಬರುತ್ತಿದ್ದದ್ದು ಅಲ್ಲಿಂದಲೇ. ಜಪಾನಿನಲ್ಲಿ ಟೊಯೊಟಾದ ಲೈನ್‌ಗಳು ಒಂದೊಂದಾಗಿ ನಿಂತವು. ತಿಂಗಳುಗಟ್ಟಲೆ ಏಳುವುದಿಲ್ಲ ಅಂತ ಜನ ಅಂದುಕೊಂಡರು. ಒಂದು ವಾರದೊಳಗೆ ಗಾಡಿಗಳು ಮತ್ತೆ ಹೊರಬರತೊಡಗಿದವು.

ಹೇಗೆ? ಐಸಿನ್ ತನ್ನ ಡ್ರಾಯಿಂಗ್‌ಗಳನ್ನು ಕೇಳಿದವರಿಗೆಲ್ಲ ಕೊಟ್ಟಿತು. ಸಣ್ಣ ಮಷೀನ್ ಶಾಪ್‌ಗಳು, ಬೇರೆ ಪಾರ್ಟ್ ಮಾಡುವವರು, ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿ ಕೂಡ, ತಮ್ಮಲ್ಲಿದ್ದ ಮಷೀನಿನ ಮೇಲೆ ವಾಲ್ವ್ ಕೊರೆದು ಕೊಟ್ಟರು. ಎಷ್ಟೋ ಜನ ರೇಟು ಮಾತಾಡುವುದಕ್ಕೂ ನಿಲ್ಲಲಿಲ್ಲ. ಈ ಕಥೆ ಹೇಳಿದಾಗ ಕಾಕಾ ತಟ್ಟನೆ ಅಂದರು: ‘ಮುಯ್ಯಾಳ ಅನ್ನು. ಇವತ್ತು ನಿನ್ನ ಹೊಲಕ್ಕ ನಾ, ನಾಳೆ ನನ್ನ ಹೊಲಕ್ಕ ನೀ.’

ಹೌದು, ಮುಯ್ಯಾಳು. ಭೋಸರಿಯಲ್ಲೂ ಅದು ಇನ್ನೂ ಬದುಕಿದೆ. ಒಬ್ಬರ ಮಷೀನು ಕೆಟ್ಟರೆ ಪಕ್ಕದ ಶೆಡ್ಡಿನವರು ರಾತ್ರಿ ಪಾಳಿಯಲ್ಲಿ ಜಾಬ್ ಓಡಿಸಿ ಕೊಡುತ್ತಾರೆ. ಚಲನ್ ಕೂಡ ಆಮೇಲೆ ಬರೆಯುತ್ತಾರೆ. ದೊಡ್ಡ ಕಂಪನಿಗಳು ಕೋಟಿ ಖರ್ಚು ಮಾಡಿ ಸಾಫ್ಟ್‌ವೇರ್ ತರುತ್ತವೆ, ಆದರೆ ಇಂಥ ನಂಬಿಕೆಯನ್ನು ಕೊಳ್ಳಲು ಬರುವುದಿಲ್ಲ.

ಈ ನಂಬಿಕೆಯನ್ನು ಮುರಿಯುವುದು ಮಾತ್ರ ಬಹಳ ಸುಲಭ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ‘ಇನ್ನು ಮುಂದೆ 30 ದಿನದ ಸ್ಟಾಕ್ ನೀವೇ ಇಡಿ’ ಎಂದು ದೊಡ್ಡವರು ಸಣ್ಣವರಿಗೆ ಮೇಲ್ ಕಳಿಸುತ್ತಾರೆ. ರೇಟ್ ಹಳೆಯದೇ, ಪೇಮೆಂಟ್ 90 ದಿನ. ಅಂದರೆ ಹಗೇವು ದೊಡ್ಡವರದು, ಜೋಳ ಸಣ್ಣವರದು. ಒಮ್ಮೆ ಬಂದರಿನಲ್ಲಿ ಕಚ್ಚಾ ಮಾಲು ಸಿಕ್ಕಿಕೊಂಡು ಎರಡು ದಿನ ತಡವಾಗಿದ್ದಕ್ಕೆ ಕಾಕಾರಿಗೆ ಒಂದು ಕಂಪನಿ ಡೆಬಿಟ್ ನೋಟ್ ಹಾಕಿತು, ಅಂದರೆ ಕೊಡಬೇಕಾದ ಹಣದಲ್ಲಿ ಕಡಿತ ಮಾಡಿತು. ಆ ತಿಂಗಳ ಲಾಭ ಪೂರ್ತಿ ಅದರಲ್ಲೇ ಹೋಯಿತು. ಅದೇ ಕಂಪನಿಗೆ ಕಷ್ಟ ಬಂದಾಗ ಇವರು ರಾತ್ರಿಯೆಲ್ಲ ಮಷೀನ್ ಓಡಿಸುತ್ತಾರಾ? ಯೋಚಿಸಿ.

2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಬಲ ಬಂದಿದೆ, ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಕಾಕಾರಂಥವರು ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರನ್ನು ಪ್ರತಿ ಬಿಲ್ಲಿನ ಮೇಲೆ ಹಾಕಬೇಕು. ಸರಪಳಿ ಗಟ್ಟಿಯಾಗಬೇಕಾದರೆ ಅದರ ಸಣ್ಣ ಕೊಂಡಿಯ ಕೈಯಲ್ಲಿ ದುಡ್ಡು ಓಡಾಡಬೇಕು.

ಇನ್ಸರ್ಟ್‌ನ ಕಥೆ ಏನಾಯಿತು ಅಂತ ಹೇಳಬೇಕಲ್ಲ. ಕಾಕಾ ಮೂರು ಕೆಲಸ ಮಾಡಿದರು. ಜಾಸ್ತಿ ಓಡುವ ಒಂದೇ ಗ್ರೇಡಿನ ಇನ್ಸರ್ಟ್ ಸಿಕ್ಕಷ್ಟು ತಂದು ಎರಡು ತಿಂಗಳಿಗೆ ಆಗುವಷ್ಟು ಕೂಡಿಸಿಟ್ಟರು. ಕೊನೆಯ ನುಣುಪು ಕೊಡುವ ಕೆಲಸಕ್ಕೆ ಸರ್ಮೆಟ್ ಇನ್ಸರ್ಟ್ ಹಾಕಿ ನೋಡಿದರು. ಅದರಲ್ಲಿ ಟಂಗ್‌ಸ್ಟನ್ ಕಡಿಮೆ, ಟೈಟೇನಿಯಂ ಮೇಲೆ ನಿಂತ ಮಾಲು. ಎರಡು ಪಾರ್ಟ್‌ಗೆ ಚೆನ್ನಾಗಿ ಹೊಂದಿತು, ಒಂದಕ್ಕೆ ಆಗಲಿಲ್ಲ.

ಮೂರನೆಯದು ನನಗೆ ಹೊಳೆದಿರಲೇ ಇಲ್ಲ. ಮಷೀನಿನ ಪಕ್ಕ ಹಳೆಯ ಇನ್ಸರ್ಟ್ ಹಾಕುವ ಒಂದು ಡಬ್ಬಿ ಇರುತ್ತದೆ, ತುಂಬಿದ ಮೇಲೆ ಕಿಲೋ ಲೆಕ್ಕದಲ್ಲಿ ಭಂಗಾರದವರಿಗೆ (ಗುಜರಿಯವರಿಗೆ) ಕೊಡುವುದು. ಕಾಕಾ ಅದನ್ನು ನೆಲದ ಮೇಲೆ ಹರವಿದರು. ಈ ಆಕಾರದ ಇನ್ಸರ್ಟ್‌ಗೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಮೂಲೆ. ನಾಲ್ಕೂ ಕೊರೆಯುತ್ತವೆ. ರಾತ್ರಿ ಪಾಳಿಯ ಹುಡುಗರು ಯಾವ ಮೂಲೆ ಸವೆದಿದೆ ಅಂತ ಗೊತ್ತಾಗದೆ, ಎರಡು ಮೂಲೆ ಓಡಿಸಿ ಎಸೆದಿದ್ದರು. ಡಬ್ಬಿಯಲ್ಲಿ ಇನ್ನೂ ಬಂಗಾರದ ಬಣ್ಣ ಹೋಗದ ಮೂಲೆಗಳು ಎಷ್ಟೋ ಇದ್ದವು. ಕಾಕಾ ಯಾರನ್ನೂ ಬೈಯಲಿಲ್ಲ. ಪ್ರತಿ ಮಷೀನಿಗೆ ಒಂದು ಕಪ್ಪು ಮಾರ್ಕರ್ ಪೆನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟರು. ಸವೆದ ಮೂಲೆಗೆ ಒಂದು ಚುಕ್ಕೆ. ನಾಲ್ಕು ಚುಕ್ಕೆ ಆದ ಮೇಲೇ ಡಬ್ಬಿಗೆ.

ಮುಂದಿನ ಗುರುವಾರ ಹೋದಾಗ ನೋಟ್‌ಬುಕ್‌ನಲ್ಲಿ ಇನ್ಸರ್ಟ್‌ನ ಸಾಲಿನಲ್ಲಿದ್ದ 12 ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸ ಅಂಕಿ ಬರೆದಿದ್ದರು. ಡ್ರೈವ್ ಕಾರ್ಡ್‌ನ ಮುಂದೆ ಇನ್ನೂ ಸೊನ್ನೆಯೇ ಇತ್ತು. ಅದರ ಕೆಳಗೆ ಅದೇ ಮಷೀನಿರುವ ಪಕ್ಕದ ಮೂರು ಶೆಡ್ಡಿನವರ ಫೋನ್ ನಂಬರ್. ‘ನಾಲ್ಕು ಮಂದಿ ಕೂಡಿ ಒಂದ್ ಕಾರ್ಡ್ ತಂದಿಟ್ಕೊಳ್ಳೂಣ ಅಂತ ಮಾತಾಡೀನಿ’ ಅಂದರು ಕಾಕಾ, ರೊಟ್ಟಿ ಮುರಿಯುತ್ತಾ.